ಕಣ್ಣಂದಾಜಿನ ಹಾರಾಟ, ಕೈಕೊಟ್ಟ ಹವಾಮಾನ: ಸಣ್ಣ ವಿಮಾನಗಳ ಅಪಘಾತದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪೈಲಟ್ ಆಗಬೇಕೆಂದು ಬರುವ ಹುಡುಗ ಹುಡುಗಿಯರಿಗೆ ಹವಾಮಾನದ ಪಾಠ ಹೇಳುವುದು ನನ್ನ ಕೆಲಸ. ಎಲ್ಲಾದರೂ ಸಣ್ಣ ವಿಮಾನವೋ ಹೆಲಿಕಾಪ್ಟರೋ ಮಂಜಿನಲ್ಲಿ ಬಿತ್ತೆಂಬ ಸುದ್ದಿ ಬಂದ ದಿನ ವಿದ್ಯಾರ್ಥಿಗಳು, ಅವರ ಅಪ್ಪ ಅಮ್ಮಂದಿರು, ಊರಿನ ನೆಂಟರು ಎಲ್ಲರೂ ಫೋನ್ ಮಾಡಿ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ರೂಢಿಯಾದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ವಿಎಫ್‌ಆರ್ ಅಂದರೆ ಏನು? ಐಎಫ್‌ಆರ್‌ಗೂ ಅದಕ್ಕೂ ಏನು ವ್ಯತ್ಯಾಸ?

ಹೊರಗೆ ನೋಡಿಕೊಂಡು ಹಾರುವುದು ವಿಷುಯಲ್ ಫ್ಲೈಟ್ ರೂಲ್ಸ್, ಅಂದರೆ ವಿಎಫ್‌ಆರ್. ದಿಗಂತ ಕಾಣುತ್ತಿರುತ್ತದೆ, ಅದನ್ನು ನೋಡಿ ರೆಕ್ಕೆ ಮಟ್ಟವಾಗಿದೆಯೇ ಎಂದು ತಿಳಿಯುತ್ತೀರಿ. ಕೆರೆ, ಹೆದ್ದಾರಿ, ರೈಲು ಹಳಿ ನೋಡಿ ದಾರಿ ಹಿಡಿಯುತ್ತೀರಿ. ಎದುರಿಗೆ ಬರುವ ವಿಮಾನವನ್ನು ನಿಮ್ಮ ಕಣ್ಣೇ ಕಂಡು ತಪ್ಪಿಸಿಕೊಳ್ಳಬೇಕು. ಐಎಫ್‌ಆರ್‌ನಲ್ಲಿ (ಇನ್‌ಸ್ಟ್ರುಮೆಂಟ್ ಫ್ಲೈಟ್ ರೂಲ್ಸ್) ಹೊರಗೆ ಏನೂ ಕಾಣದಿದ್ದರೂ ನಡೆಯುತ್ತದೆ. ಪೈಲಟ್ ಉಪಕರಣಗಳನ್ನು ನೋಡಿ ಹಾರಿಸುತ್ತಾರೆ, ಬೇರೆ ವಿಮಾನಗಳಿಂದ ಅಂತರ ಕಾಯುವುದನ್ನು ಕಂಟ್ರೋಲರ್ ನೋಡಿಕೊಳ್ಳುತ್ತಾರೆ. ಇದಕ್ಕೆ ಬೇರೆಯೇ ತರಬೇತಿ ಬೇಕು, ಬೇರೆಯೇ ಪರೀಕ್ಷೆ ಇದೆ. ಅದನ್ನು ಪಾಸು ಮಾಡಿದವರಿಗೆ ಸಿಗುವುದೇ ಇನ್‌ಸ್ಟ್ರುಮೆಂಟ್ ರೇಟಿಂಗ್.

ನೀವು ಬೆಂಗಳೂರಿಂದ ದೆಹಲಿಗೆ ಹೋಗುವ ದೊಡ್ಡ ವಿಮಾನ ಐಎಫ್‌ಆರ್‌ನಲ್ಲೇ ಹಾರುತ್ತದೆ. ಹಾಗಾಗಿ ಈ ಪುಟ ಓದಿ ಮುಂದಿನ ವಾರದ ಟಿಕೆಟ್ ರದ್ದು ಮಾಡಬೇಡಿ. ಇಲ್ಲಿನ ಮಾತೆಲ್ಲ ಎರಡರಿಂದ ಆರು ಸೀಟಿನ ವಿಮಾನಗಳದ್ದು, ಜೊತೆಗೆ ಹೆಲಿಕಾಪ್ಟರ್‌ಗಳದ್ದು.

ವಿಎಫ್‌ಆರ್‌ನಲ್ಲಿ ಹಾರಲು ಎಷ್ಟು ದೂರ ಕಾಣಬೇಕು?

ಅಂತರರಾಷ್ಟ್ರೀಯ ನಿಯಮದ ಪ್ರಕಾರ 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 5 ಕಿಲೋಮೀಟರ್ ಕಾಣಬೇಕು. ಮೋಡದಿಂದ ಅಡ್ಡಕ್ಕೆ 1,500 ಮೀಟರ್, ಮೇಲಕ್ಕೂ ಕೆಳಕ್ಕೂ 1,000 ಅಡಿ ದೂರವಿರಬೇಕು. 5 ಕಿಲೋಮೀಟರ್ ಎಂದರೆ ಬಹಳ ಅನ್ನಿಸುತ್ತದೆ ಅಲ್ಲವೇ? ಲೆಕ್ಕ ಹಾಕಿ ನೋಡಿ. 100 ನಾಟ್ ವೇಗದ ಸಣ್ಣ ವಿಮಾನ ಸೆಕೆಂಡಿಗೆ ಸುಮಾರು 51 ಮೀಟರ್ ಹೋಗುತ್ತದೆ. ನಿಮಗೆ ಈಗ ಕಾಣುತ್ತಿರುವ ಕೊನೆಯ ಮರದ ಹತ್ತಿರ ನೀವು ಒಂದೂವರೆ ನಿಮಿಷದಲ್ಲಿ ಇರುತ್ತೀರಿ. 1,500 ಮೀಟರ್ ಮಾತ್ರ ಕಾಣುತ್ತಿದ್ದರೆ ಕೈಯಲ್ಲಿರುವುದು ಅರ್ಧ ನಿಮಿಷ.

ತಿರುಗುವುದಕ್ಕೂ ಜಾಗ ಬೇಕು. ಅದೇ 100 ನಾಟ್ ವೇಗದಲ್ಲಿ ಸೆಕೆಂಡಿಗೆ 3 ಡಿಗ್ರಿಯಂತೆ ಹಿಂದಕ್ಕೆ ತಿರುಗಿದರೆ ಒಂದು ನಿಮಿಷ ಹಿಡಿಯುತ್ತದೆ, ಅಷ್ಟರಲ್ಲಿ ವಿಮಾನ ಅಡ್ಡಕ್ಕೆ ಸುಮಾರು 2 ಕಿಲೋಮೀಟರ್ ಜಾಗ ತೆಗೆದುಕೊಳ್ಳುತ್ತದೆ. ಕಣಿವೆ ಅದಕ್ಕಿಂತ ಕಿರಿದಾಗಿದ್ದರೆ? ಈ ಪ್ರಶ್ನೆಯನ್ನು ಕಣಿವೆಗೆ ಹೊಗುವ ಮುಂಚೆ ಕೇಳಿಕೊಳ್ಳಬೇಕು.

ಮೋಡ ಅಂದರೆ ಬರೀ ಹಬೆ ತಾನೆ? ಒಳಗೆ ಹೋದರೆ ಅಂಥದ್ದೇನಾಗುತ್ತದೆ?

ವಿಮಾನಕ್ಕೆ ಹೆಚ್ಚಿನ ಸಲ ಏನೂ ಆಗುವುದಿಲ್ಲ. ಆಗುವುದೆಲ್ಲ ಮನುಷ್ಯನಿಗೆ.

ನಾವು ನೆಟ್ಟಗಿದ್ದೇವೋ ವಾಲಿದ್ದೇವೋ ಎಂದು ಹೇಳುವುದು ಮೂರು: ಕಣ್ಣು, ಒಳಕಿವಿ, ಮತ್ತು ಸೀಟು ಮೈಗೆ ಒತ್ತುವ ಅನುಭವ. ನೆಲದ ಮೇಲೆ ಈ ಮೂರೂ ಒಂದೇ ಮಾತು ಹೇಳುತ್ತವೆ. ಕಣ್ಣಿಗೆ ಬಿಳಿ ಗೋಡೆ ಅಡ್ಡ ಬಂದ ಕೂಡಲೇ ಉಳಿಯುವುದು ಎರಡು, ಆ ಎರಡೂ ಸುಳ್ಳು ಹೇಳುತ್ತವೆ.

ಒಳಕಿವಿಯ ಸುಳ್ಳನ್ನು ಮನೆಯಲ್ಲೇ ನೋಡಬಹುದು. ಅಗಲ ಬಾಯಿಯ ಪಾತ್ರೆಯಲ್ಲಿ ನೀರು ತುಂಬಿ ಒಂದು ತುಳಸಿ ಎಲೆ ತೇಲಿಬಿಡಿ. ಪಾತ್ರೆಯನ್ನು ನಿಧಾನವಾಗಿ ತಿರುಗಿಸಿ. ಪಾತ್ರೆ ತಿರುಗುತ್ತದೆ, ಎಲೆ ಇದ್ದಲ್ಲೇ ಇರುತ್ತದೆ. ಹಾಗೇ ತಿರುಗಿಸುತ್ತಾ ಇರಿ, ಸ್ವಲ್ಪ ಹೊತ್ತಿಗೆ ಎಲೆಯೂ ಪಾತ್ರೆಯ ಜೊತೆ ತಿರುಗತೊಡಗುತ್ತದೆ. ಈಗ ಪಾತ್ರೆಯನ್ನು ಹಿಡಿದು ನಿಲ್ಲಿಸಿ. ಎಲೆ ನಿಲ್ಲುವುದಿಲ್ಲ, ತಿರುಗುತ್ತಲೇ ಇರುತ್ತದೆ. ನಮ್ಮ ಕಿವಿಯೊಳಗೆ ಮೂರು ಅರ್ಧವೃತ್ತದ ನಾಳಗಳಿವೆ, ಅವುಗಳಲ್ಲಿ ಇಂಥದ್ದೇ ದ್ರವ ಇದೆ. ನಾಳಕ್ಕೂ ದ್ರವಕ್ಕೂ ಇರುವ ವೇಗದ ವ್ಯತ್ಯಾಸವನ್ನೇ ಮಿದುಳು "ತಿರುಗುತ್ತಿದ್ದೇನೆ" ಎಂದು ಓದುವುದು. ವಿಮಾನ ಒಂದೇ ಸಮನೆ ತಿರುಗುತ್ತಿದ್ದರೆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ದ್ರವ ನಾಳದ ವೇಗಕ್ಕೆ ಬಂದುಬಿಡುತ್ತದೆ, "ನೆಟ್ಟಗೆ ಹೋಗುತ್ತಿದ್ದೇನೆ" ಅನ್ನಿಸುತ್ತದೆ. ಆಗ ಉಪಕರಣ ನೋಡಿ ರೆಕ್ಕೆಯನ್ನು ನಿಜವಾಗಿ ನೆಟ್ಟಗೆ ಮಾಡಿದಿರೋ, ಆ ಎಲೆಯ ಹಾಗೆ ದ್ರವ ಓಡುತ್ತಲೇ ಇರುತ್ತದೆ, ಮಿದುಳು "ಅಯ್ಯೋ, ವಿರುದ್ಧ ಕಡೆಗೆ ವಾಲುತ್ತಿದ್ದೇನೆ" ಎನ್ನುತ್ತದೆ. ಅದನ್ನು ನಂಬಿದ ಕೈ ವಿಮಾನವನ್ನು ಮತ್ತೆ ಮೊದಲಿನ ತಿರುವಿಗೇ ದೂಡುತ್ತದೆ. ತೀರಾ ನಿಧಾನಕ್ಕೆ, ಸೆಕೆಂಡಿಗೆ ಒಂದೆರಡು ಡಿಗ್ರಿಯಂತೆ ವಾಲಿದರಂತೂ ಕಿವಿಗೆ ಮೊದಲಿನಿಂದಲೇ ಗೊತ್ತಾಗುವುದಿಲ್ಲ.

ಸೀಟಿನ ಒತ್ತಡದ್ದು ಇನ್ನೊಂದು ಬಗೆಯ ಮೋಸ. ಸರಿಯಾಗಿ ಮಾಡಿದ ತಿರುವಿನಲ್ಲಿ ನಿಮ್ಮ ತೂಕ ನೇರ ಸೀಟಿನ ಕಡೆಗೇ ಇರುತ್ತದೆ. ಲೋಟದಲ್ಲಿ ನೀರಿದ್ದರೆ ಒಂದು ಹನಿಯೂ ಚೆಲ್ಲುವುದಿಲ್ಲ. ಅಮೆರಿಕದ ಪೈಲಟ್ ಬಾಬ್ ಹೂವರ್ ವಿಮಾನವನ್ನು ಪೂರ್ತಿ ಉರುಳಿಸುತ್ತಲೇ ಲೋಟಕ್ಕೆ ಐಸ್ ಟೀ ಸುರಿದು ತೋರಿಸುತ್ತಿದ್ದರು. ಆ ಟೀಗೆ ತಾನು ತಲೆಕೆಳಗಾದದ್ದೇ ಗೊತ್ತಿರಲಿಲ್ಲ. ಮೋಡದೊಳಗೆ ಕುಳಿತ ನಮಗೂ ಗೊತ್ತಾಗುವುದಿಲ್ಲ.

ನನಗೆ ದಿಕ್ಕು, ಸಮತೋಲನ ಎಲ್ಲ ಚೆನ್ನಾಗಿದೆ. ನನಗೂ ಹೀಗಾಗುತ್ತದೆಯೇ?

ಆಗುತ್ತದೆ. ನಾನೂ ಹೀಗೇ ಅಂದುಕೊಂಡಿದ್ದವನು.

ತರಬೇತಿಯಲ್ಲಿ ಹುಡ್ ಅಂತ ಒಂದನ್ನು ತಲೆಗೆ ಹಾಕುತ್ತಾರೆ. ಕುದುರೆಯ ಕಣ್ಣಪಟ್ಟಿಯಂತೆ, ಹೊರಗಿನದು ಕಾಣದೆ ಡಯಲುಗಳು ಮಾತ್ರ ಕಾಣುವ ಹಾಗೆ. ಒಂದು ಬೆಳಿಗ್ಗೆ ನಮ್ಮ ಸರ್ ಹುಡ್ ಹಾಕಿಸಿ, ತಲೆ ತಗ್ಗಿಸಿ ಕಣ್ಣು ಮುಚ್ಚಲು ಹೇಳಿದರು. "ಈಗ ನೀನೇ ನೆಟ್ಟಗೆ ಹಾರಿಸು" ಎಂದರು. ಹಾರಿಸಿದೆ. ಕೈ ಹಗುರವಾಗಿತ್ತು, ಮೈ ಆರಾಮಾಗಿತ್ತು, ಗಾಳಿಯೂ ಇರಲಿಲ್ಲ. ಇಷ್ಟು ಚೆನ್ನಾಗಿ ಯಾವತ್ತೂ ಹಾರಿಸಿರಲಿಲ್ಲ ಅಂದುಕೊಂಡೆ. ಎಂಜಿನ್ನಿನ ಸದ್ದು ಸ್ವಲ್ಪ ಏರಿದ ಹಾಗೆ ಕೇಳಿತು, ಅಷ್ಟೇ. "ಕಣ್ಣು ಬಿಡು" ಎಂದರು. ಡಯಲಿನಲ್ಲಿ ದಿಗಂತದ ಗೆರೆ ಓರೆಯಾಗಿ ನಿಂತಿತ್ತು, ಆಕಾಶ ತೋರಿಸುವ ನೀಲಿ ಒಂದು ಮೂಲೆಗೆ ಸರಿದು ನೆಲದ ಕಂದು ಬಣ್ಣವೇ ತುಂಬಿತ್ತು. ಎಡರೆಕ್ಕೆ ಕೆಳಗೆ, ಮೂತಿ ಕೆಳಗೆ, ಎತ್ತರದ ಮುಳ್ಳು ಹಿಂದಕ್ಕೆ ಓಡುತ್ತಿತ್ತು. ನನ್ನ ಮೊದಲ ಯೋಚನೆ ಏನಿತ್ತು ಗೊತ್ತೇ? "ಈ ಡಯಲ್ ಕೆಟ್ಟಿದೆ." ಅಷ್ಟು ಗಟ್ಟಿಯಾಗಿ ನನ್ನ ಮೈ ನನಗೆ ಸುಳ್ಳು ಹೇಳಿತ್ತು.

ಇದು ಹಳೆಯ ಪಾಠ. 1926ರಲ್ಲಿ ಅಮೆರಿಕದ ಸೇನಾ ಪೈಲಟ್ ವಿಲಿಯಂ ಆಕರ್ ವೈದ್ಯಕೀಯ ಪರೀಕ್ಷೆಗೆ ಹೋದಾಗ ಕಣ್ಣು ಕಟ್ಟಿ ತಿರುಗುವ ಕುರ್ಚಿಯಲ್ಲಿ ಕೂರಿಸಿದರು. ಯಾವ ಕಡೆ ತಿರುಗುತ್ತಿದ್ದೀರಿ ಎಂದು ಕೇಳಿದಾಗ ಅಷ್ಟು ಹಾರಿದ್ದ ಅವರೂ ತಪ್ಪು ಹೇಳಿದರು. ಆಮೇಲೆ ಒಂದು ಡಬ್ಬಿಯೊಳಗೆ ತಿರುವು ತೋರಿಸುವ ಉಪಕರಣ ಇಟ್ಟುಕೊಂಡು ಬಂದು, ಅದನ್ನು ನೋಡಿ ಸರಿಯುತ್ತರ ಕೊಟ್ಟರು. ಮೂರು ವರ್ಷದ ನಂತರ, 1929ರ ಸೆಪ್ಟೆಂಬರ್ 24ರಂದು, ಜಿಮ್ಮಿ ಡೂಲಿಟ್ಲ್ ಕಾಕ್‌ಪಿಟ್ ಮುಚ್ಚಿಕೊಂಡು ಹೊರಗೆ ಏನನ್ನೂ ನೋಡದೆ ಮೇಲೇರಿ, ಸುತ್ತಿ, ಇಳಿಸಿಯೂ ತೋರಿಸಿದರು. ಉಪಕರಣ ನಂಬಿದರೆ ಮೋಡದಲ್ಲೂ ಹಾರಬಹುದೆಂದು ಗೊತ್ತಾಗಿ ಒಂದು ಶತಮಾನ ತುಂಬುತ್ತಾ ಬಂತು. ನಂಬುವುದಕ್ಕೆ ಅಭ್ಯಾಸ ಬೇಕು, ಕಷ್ಟ ಇರುವುದು ಅಲ್ಲಿ.

ನಮ್ಮ ಬೆಂಗಳೂರಿನಲ್ಲೇ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. ದಿಕ್ಕು ತಪ್ಪುವ ಈ ಭ್ರಮೆಯನ್ನು ಪೈಲಟ್‌ಗಳಿಗೆ ನೆಲದ ಮೇಲೇ ಮಾಡಿಸಿ ತೋರಿಸುವ ವ್ಯವಸ್ಥೆ ಅಲ್ಲಿದೆ.

"178 ಸೆಕೆಂಡ್" ಎಂದು ಎಲ್ಲ ಕಡೆ ಓದುತ್ತೇವೆ. ಅದೇನು?

1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ನಡೆಯಿತು. ಉಪಕರಣ ನೋಡಿ ಹಾರಿಸಿ ಗೊತ್ತಿಲ್ಲದ 20 ಜನರನ್ನು ಬೊನಾನ್ಜಾ ವಿಮಾನದಲ್ಲಿ ಕೂರಿಸಿ, ಮೋಡದೊಳಗೆ ಹೋದಂಥ ಸ್ಥಿತಿ ತಂದರು. 20 ಜನವೂ ಹತೋಟಿ ಕಳೆದುಕೊಂಡರು. 19 ಜನ ಸುರುಳಿಯಾಗಿ ಕೆಳಗಿಳಿಯತೊಡಗಿದರು, ಒಬ್ಬರದು ಮೂತಿ ಮೇಲೆತ್ತಿ ಸ್ಟಾಲ್ ಆಯಿತು, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯುವ ಬಲ ಕಳೆದುಕೊಂಡಿತು. ಬೇಗ ಸೋತವರಿಗೆ 20 ಸೆಕೆಂಡ್, ಹೆಚ್ಚು ತಡೆದವರಿಗೆ 480 ಸೆಕೆಂಡ್. ಸರಾಸರಿ ತೆಗೆದರೆ 178, ಅಂದರೆ ಮೂರು ನಿಮಿಷಕ್ಕೂ ಎರಡು ಸೆಕೆಂಡ್ ಕಡಿಮೆ.

ಈ ಸಂಖ್ಯೆಯನ್ನು ಹೇಳಿ ಹೆದರಿಸಿ ಸುಮ್ಮನಾಗುವವರು ಬಹಳ. ಆ ಪ್ರಯೋಗ ನಡೆದದ್ದೇ ಪಾರಾಗುವ ದಾರಿ ಕಲಿಸಬಹುದೇ ಎಂದು ನೋಡಲು. ನಿಧಾನವಾಗಿ, ಗೊತ್ತಾದ ಕ್ರಮದಲ್ಲಿ ಹಿಂದಕ್ಕೆ ತಿರುಗಿ ಹೊರಬರುವುದನ್ನು ಅವರಿಗೇ ಹೇಳಿಕೊಟ್ಟ ಮೇಲೆ ಫಲಿತಾಂಶ ಬಹಳ ಸುಧಾರಿಸಿತು. ಈ ಅರ್ಧವನ್ನೂ ಹೇಳಬೇಕು.

ಸುರುಳಿಯಾಗಿ ಇಳಿಯುವುದು ಅಂದಿರಿ. ಮೂತಿ ಎತ್ತಿದರೆ ಸರಿಹೋಗುವುದಿಲ್ಲವೇ?

ಅಲ್ಲೇ ಸಾವು ಇರುವುದು. ರೆಕ್ಕೆ ವಾಲಿದೆ, ಆದರೆ ಪೈಲಟ್‌ಗೆ ಗೊತ್ತಿಲ್ಲ. ವಾಲಿದ ವಿಮಾನದ ಮೂತಿ ತಾನಾಗಿ ಇಳಿಯುತ್ತದೆ, ವೇಗ ಏರುತ್ತದೆ, ಎತ್ತರ ಕಳೆಯುತ್ತದೆ. "ಇಳಿಯುತ್ತಿದೆ" ಎಂದು ಕಂಡು ಕಂಟ್ರೋಲನ್ನು ಹಿಂದಕ್ಕೆ ಎಳೆಯುತ್ತಾರೆ. ರೆಕ್ಕೆ ಮಟ್ಟವಾಗಿದ್ದರೆ ವಿಮಾನ ಏರುತ್ತಿತ್ತು. ವಾಲಿರುವಾಗ ಎಳೆದರೆ ತಿರುವು ಇನ್ನೂ ಬಿಗಿಯಾಗುತ್ತದೆ, ಇನ್ನೂ ವೇಗವಾಗಿ ಇಳಿಯುತ್ತದೆ. ಎಷ್ಟೋ ಸಲ ನೆಲ ಮುಟ್ಟುವ ಮುಂಚೆಯೇ ರೆಕ್ಕೆಯೋ ಬಾಲವೋ ಕಿತ್ತುಬರುತ್ತದೆ. ಮೊದಲು ಪವರ್ ಇಳಿಸಿ, ರೆಕ್ಕೆ ಮಟ್ಟ ಮಾಡಿ, ಆಮೇಲೆ ಮೆಲ್ಲಗೆ ಮೂತಿ ಎತ್ತಬೇಕು. ಈ ಕ್ರಮ ತಪ್ಪಬಾರದು.

ಇನ್ನೊಂದು ಬಗೆಯ ಅಪಘಾತವೂ ಇದೆ. ವಿಮಾನ ಪೂರ್ತಿ ಹತೋಟಿಯಲ್ಲೇ ಇರುತ್ತದೆ, ಮೋಡದ ಕೆಳಗೆ ಕೆಳಗೆ ನುಗ್ಗುತ್ತಾ ಹೋಗಿ ಎದುರಿನ ಗುಡ್ಡಕ್ಕೋ ವಿದ್ಯುತ್ ತಂತಿಗೋ ಬಡಿಯುತ್ತದೆ.

ನಿಜವಾಗಿ ನಡೆದ ಉದಾಹರಣೆ ಕೊಡಿ.

ಮೂರು ಹೇಳುತ್ತೇನೆ. ಮೂರರಲ್ಲೂ ಪೈಲಟ್ ಒಬ್ಬರೇ, ಮೂರರಲ್ಲೂ ರಾತ್ರಿ, ಮೂರರಲ್ಲೂ ತಲುಪಲು ಒಂದು ಕಾರಣವಿತ್ತು.

1959ರ ಫೆಬ್ರುವರಿ 3. ಅಮೆರಿಕದ ಅಯೋವಾ ರಾಜ್ಯ, ಕ್ಲಿಯರ್ ಲೇಕ್. ಸಂಗೀತಗಾರ ಬಡ್ಡಿ ಹಾಲಿ ಮತ್ತು ಇಬ್ಬರು ಜೊತೆಗಾರರು ಚಳಿಗಾಲದ ಬಸ್ ಪ್ರಯಾಣದಿಂದ ಬೇಸತ್ತು ಮುಂದಿನ ಊರಿಗೆ ಬೊನಾನ್ಜಾ ವಿಮಾನ ಗೊತ್ತು ಮಾಡಿಕೊಂಡರು. ಪೈಲಟ್ ರಾಜರ್ ಪೀಟರ್ಸನ್‌ಗೆ 21 ವರ್ಷ, ಇನ್‌ಸ್ಟ್ರುಮೆಂಟ್ ರೇಟಿಂಗ್ ಇರಲಿಲ್ಲ. ಮಧ್ಯರಾತ್ರಿ ಕಳೆದು ಒಂದು ಗಂಟೆಯ ಹೊತ್ತಿಗೆ ಹೊರಟರು. ಕೆಳಗೆ ಬೆಳಕಿಲ್ಲದ ಹೊಲ, ಮೇಲೆ ಮೋಡ, ಹಿಮ ಬೀಳುತ್ತಿತ್ತು. ಕೆಲವೇ ಕಿಲೋಮೀಟರ್ ಆಚೆ ಹೊಲದಲ್ಲಿ ವಿಮಾನ ಬಿತ್ತು, ನಾಲ್ವರೂ ಹೋದರು. ತನಿಖೆಯ ಎರಡು ಅಂಶಗಳನ್ನು ನಾನು ತರಗತಿಯಲ್ಲಿ ಒತ್ತಿ ಹೇಳುತ್ತೇನೆ. ಹವಾಮಾನ ಕೆಡಲಿದೆ ಎಂಬ ಮುನ್ಸೂಚನೆಗಳು ಪೈಲಟ್‌ಗೆ ಸರಿಯಾಗಿ ತಲುಪಿರಲಿಲ್ಲ. ಆ ವಿಮಾನದಲ್ಲಿದ್ದ ಸ್ಪೆರಿ ಎಫ್3 ಎಂಬ ಉಪಕರಣ ಮೂತಿಯ ಏರಿಳಿತವನ್ನು ಅವರಿಗೆ ರೂಢಿಯಿದ್ದ ಉಪಕರಣಕ್ಕೆ ತದ್ವಿರುದ್ಧವಾಗಿ ತೋರಿಸುತ್ತಿತ್ತು. ಕಣ್ಣಿಗೆ ದಿಗಂತವಿಲ್ಲ, ನಂಬಬೇಕಾದ ಡಯಲ್ ತಿರುಗಾಮುರುಗಾ. 21ರ ಹುಡುಗ ಏನು ಮಾಡಬೇಕಿತ್ತು? ಹೊರಡಬಾರದಿತ್ತು, ಅಷ್ಟೇ. ತನಿಖೆಯೂ ಅದನ್ನೇ ಹೇಳಿತು.

1999ರ ಜುಲೈ 16. ಅಧ್ಯಕ್ಷ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ತಮ್ಮ ಪೈಪರ್ ಸಾರಟೋಗಾದಲ್ಲಿ ಹೆಂಡತಿಯನ್ನೂ ನಾದಿನಿಯನ್ನೂ ಕೂರಿಸಿಕೊಂಡು ನ್ಯೂಜೆರ್ಸಿಯಿಂದ ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ಕಡೆ ಹೊರಟರು. ಕುಟುಂಬದಲ್ಲಿ ಮದುವೆ ಇತ್ತು. ಹೊರಟಾಗ ಸೂರ್ಯ ಮುಳುಗಿ ಆಗಿತ್ತು. ಮಳೆ ಇಲ್ಲ, ಗುಡುಗಿಲ್ಲ, ಬರೀ ಮಬ್ಬು. ಆದರೆ ಸಮುದ್ರದ ಮೇಲೆ ಬಂದಾಗ ನೀರಿಗೂ ಆಕಾಶಕ್ಕೂ ಗೆರೆಯೇ ಇರಲಿಲ್ಲ. ಅದೇ ರಾತ್ರಿ ಅಲ್ಲಿ ಹಾರಿದ ಬೇರೆ ಪೈಲಟ್‌ಗಳೂ ದಿಗಂತ ಕಾಣಲಿಲ್ಲ ಎಂದರು. ಕೊನೆಯಲ್ಲಿ ವಿಮಾನ ನಿಮಿಷಕ್ಕೆ 4,700 ಅಡಿಗೂ ಹೆಚ್ಚು ವೇಗದಲ್ಲಿ ಇಳಿಯುತ್ತಿತ್ತು. ಅವರು ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ ಕಲಿಯುತ್ತಿದ್ದರು, ಇನ್ನೂ ಮುಗಿದಿರಲಿಲ್ಲ. ವಿಮಾನದಲ್ಲಿ ಆಟೋಪೈಲಟ್ ಇತ್ತು. "ಕೆಟ್ಟ ಹವಾಮಾನ" ಎಂದರೆ ಬಿರುಗಾಳಿಯೇ ಆಗಬೇಕಿಲ್ಲ ಎಂದು ತಿಳಿಯಲು ಇದಕ್ಕಿಂತ ಬೇರೆ ಉದಾಹರಣೆ ನನಗೆ ಬೇಕಿಲ್ಲ.

2019ರ ಜನವರಿ 21. ಅರ್ಜೆಂಟೀನಾದ ಫುಟ್‌ಬಾಲ್ ಆಟಗಾರ ಎಮಿಲಿಯಾನೋ ಸಾಲಾ ಫ್ರಾನ್ಸಿನ ನಾಂತ್‌ನಿಂದ ತಮ್ಮ ಹೊಸ ಕ್ಲಬ್ ಇದ್ದ ಕಾರ್ಡಿಫ್‌ಗೆ ಪೈಪರ್ ಮಾಲಿಬುವಿನಲ್ಲಿ ಹೊರಟರು. ಗರ್ನ್‌ಸಿ ದ್ವೀಪದ ಹತ್ತಿರ ವಿಮಾನ ಸಮುದ್ರಕ್ಕೆ ಬಿತ್ತು. ಪೈಲಟ್‌ಗೆ ರಾತ್ರಿ ಹಾರುವ ಅರ್ಹತೆ ಇರಲಿಲ್ಲ. ಮೋಡ ತಪ್ಪಿಸಿಕೊಳ್ಳಲು ಕೈಯಾರೆ ತಿರುಗಿಸುವಾಗ ಹತೋಟಿ ತಪ್ಪಿ, ವಿಮಾನ ಗಾಳಿಯಲ್ಲೇ ಮುರಿಯಿತು ಎಂಬುದು ಬ್ರಿಟನ್ನಿನ ತನಿಖೆಯ ನಿರ್ಣಯ. ಎಂಜಿನ್ನಿನಿಂದ ಸೋರಿದ ಕಾರ್ಬನ್ ಮೊನಾಕ್ಸೈಡ್ ಕೂಡ ಪೈಲಟ್‌ನ ಮೇಲೆ ಪರಿಣಾಮ ಮಾಡಿದ್ದಿರಬಹುದು ಎಂದೂ ಅದು ಹೇಳಿದೆ.

ಇವರೆಲ್ಲ ಅನುಭವ ಕಡಿಮೆ ಇದ್ದವರು. ಸಾವಿರಾರು ಗಂಟೆ ಹಾರಿದವರಿಗೆ ಹೀಗಾಗುವುದಿಲ್ಲ ಅಲ್ಲವೇ?

2020ರ ಜನವರಿ 26ರಂದು ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಮತ್ತು ಅವರ ಮಗಳು ಸೇರಿ 9 ಜನರಿದ್ದ ಸಿಕೋರ್ಸ್ಕಿ ಹೆಲಿಕಾಪ್ಟರ್ ಲಾಸ್ ಏಂಜಲೀಸ್ ಬಳಿಯ ಕ್ಯಾಲಬಾಸಸ್ ಗುಡ್ಡಕ್ಕೆ ಬಡಿಯಿತು. ಪೈಲಟ್ 8,000 ಗಂಟೆಗೂ ಹೆಚ್ಚು ಹಾರಿದವರು, ಇನ್‌ಸ್ಟ್ರುಮೆಂಟ್ ರೇಟಿಂಗ್ ಕೂಡ ಇತ್ತು. ಕೊನೆಯ ಕ್ಷಣಗಳಲ್ಲಿ ಅವರು ಕಂಟ್ರೋಲರ್‌ಗೆ "ಮೋಡದ ಮೇಲಕ್ಕೆ, 4,000 ಅಡಿಗೆ ಏರುತ್ತಿದ್ದೇವೆ" ಎಂದರು. ಆ ಹೊತ್ತಿಗೆ ಹೆಲಿಕಾಪ್ಟರ್ ಎಡಕ್ಕೆ ವಾಲಿ ಕೆಳಗಿಳಿಯುತ್ತಿತ್ತು. ಅವರು ಸುಳ್ಳು ಹೇಳಲಿಲ್ಲ, ಅವರ ಮೈ ಅವರಿಗೆ ಹೇಳಿದ್ದನ್ನೇ ಹೇಳಿದರು. ಅದನ್ನು ಓದಿದಾಗಲೆಲ್ಲ ನನಗೆ ಹುಡ್ ಹಾಕಿಕೊಂಡ ಆ ಬೆಳಿಗ್ಗೆ ನೆನಪಾಗುತ್ತದೆ.

ಅನುಭವ ಇನ್ನೊಂದು ಕೆಡುಕನ್ನೂ ಮಾಡುತ್ತದೆ. ಹತ್ತು ಸಲ ಮೋಡದಡಿ ನುಸುಳಿ ಬಚಾವಾದವರಿಗೆ ಹನ್ನೊಂದನೆಯದೂ ಹಾಗೇ ಅನ್ನಿಸುತ್ತದೆ.

ನಮ್ಮ ದೇಶದಲ್ಲಿ?

2021ರ ಡಿಸೆಂಬರ್ 8 ಯಾರಿಗೆ ಮರೆತಿದೆ. ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್, ಅವರ ಪತ್ನಿ ಸೇರಿ 14 ಜನರಿದ್ದ ಎಂಐ-17 ಹೆಲಿಕಾಪ್ಟರ್ ಸೂಲೂರಿನಿಂದ ವೆಲ್ಲಿಂಗ್ಟನ್‌ಗೆ ಹೋಗುತ್ತಾ ಕೂನೂರಿನ ಹತ್ತಿರ ಬಿತ್ತು. ಬದುಕುಳಿದ ಒಬ್ಬರೇ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್. ಅವರನ್ನು ಬೆಂಗಳೂರಿನ ಕಮಾಂಡ್ ಆಸ್ಪತ್ರೆಗೆ ತಂದರು, ವಾರದ ನಂತರ ಅವರೂ ತೀರಿಕೊಂಡರು. ಕಣಿವೆಯಲ್ಲಿ ಹವಾಮಾನ ಅನಿರೀಕ್ಷಿತವಾಗಿ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೊಕ್ಕಿತು, ಪೈಲಟ್‌ಗೆ ದಿಕ್ಕಿನ ಭ್ರಮೆಯಾಗಿ ನೆಲಕ್ಕೆ ಬಡಿಯಿತು ಎಂದು ಮೂರೂ ಪಡೆಗಳ ಜಂಟಿ ತನಿಖೆ ಹೇಳಿತು. ಯಂತ್ರದ ದೋಷ, ವಿಧ್ವಂಸಕ ಕೃತ್ಯ ಎರಡನ್ನೂ ತಳ್ಳಿಹಾಕಿತು. ಅದು ಸಣ್ಣ ವಿಮಾನವಲ್ಲ, ಹಾರಿಸಿದವರು ಹೊಸಬರೂ ಅಲ್ಲ. ಆದರೂ ನೀಲಗಿರಿಯ ಮಂಜಿಗೆ ಅದೆಲ್ಲ ಲೆಕ್ಕವಿಲ್ಲ. ನಮ್ಮ ಕೊಡಗು, ಚಿಕ್ಕಮಗಳೂರು, ಆಗುಂಬೆಯ ಮಂಜೂ ಅದೇ ಜಾತಿಯದು: ಸಮುದ್ರದ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ ತಣ್ಣಗಾಗಿ ಅಲ್ಲೇ ಮೋಡವಾಗುತ್ತದೆ. ಎಲ್ಲಿಂದಲೋ ಬರುವುದಿಲ್ಲ, ಕಣ್ಣೆದುರೇ ಹುಟ್ಟುತ್ತದೆ.

ಕೇದಾರನಾಥದ ಕಣಿವೆಯಲ್ಲಿ 2022ರ ಅಕ್ಟೋಬರ್ 18ರಂದು ಯಾತ್ರಿಕರ ಹೆಲಿಕಾಪ್ಟರ್ ಬಿದ್ದು 7 ಜನ ಸತ್ತರು. 2025ರ ಜೂನ್ 15ರಂದು ಅದೇ ದಾರಿಯಲ್ಲಿ ಇನ್ನೊಂದು ಬಿದ್ದು ಮತ್ತೆ 7 ಜನ. ಎರಡೂ ಸಲ ಮೊದಲು ಕೇಳಿಬಂದದ್ದು ಮಂಜು, ಮೋಡ. ಕರ್ನಾಟಕದಿಂದ ಎಷ್ಟೋ ಹಿರಿಯರು ಆ ಯಾತ್ರೆಗೆ ಹೋಗುತ್ತಾರೆ. ಅವರಿಗಾಗಿ ಕೆಳಗೆ ಒಂದು ಉತ್ತರ ಬೇರೆಯಾಗಿಯೇ ಇದೆ.

ನಟಿ ಸೌಂದರ್ಯ ಅವರ ಅಪಘಾತವೂ ಇದೇ ಬಗೆಯದೇ?

ಅಲ್ಲ. 2004ರ ಏಪ್ರಿಲ್ 17ರಂದು ಅವರ ವಿಮಾನ ಜಕ್ಕೂರಿನಿಂದ ಮೇಲೇರಿದ ಕೂಡಲೇ ಬಿತ್ತು. ಮೋಡದೊಳಗೆ ದಿಕ್ಕು ತಪ್ಪಿದ ಘಟನೆ ಅದಲ್ಲ.

ಹವಾಮಾನ ವರದಿ ನೋಡಿಯೇ ಹೊರಡುತ್ತಾರಲ್ಲ, ಆದರೂ ಏಕೆ ಸಿಕ್ಕಿಬೀಳುತ್ತಾರೆ?

ವರದಿ ವಿಮಾನ ನಿಲ್ದಾಣದ್ದು. ನೀವು ಹಾರುವುದು ಎರಡು ನಿಲ್ದಾಣಗಳ ನಡುವೆ. ಹೊರಡುವ ಊರಲ್ಲಿ ಬಿಸಿಲು, ಇಳಿಯುವ ಊರಲ್ಲಿ ಬಿಸಿಲು, ನಡುವೆ ಘಟ್ಟ ಮುಚ್ಚಿಕೊಂಡಿದೆ.

ನನ್ನ ವಿದ್ಯಾರ್ಥಿಗಳಿಗೆ ಮಾಡಿಸುವ ಒಂದು ಲೆಕ್ಕ ಇಲ್ಲಿದೆ. ಮೆಟಾರ್ ಎಂಬ ವಿಮಾನ ನಿಲ್ದಾಣದ ಹವಾಮಾನ ವರದಿಯಲ್ಲಿ ಎರಡು ಉಷ್ಣಾಂಶ ಇರುತ್ತವೆ: ಗಾಳಿಯದು, ಮತ್ತು ಇಬ್ಬನಿ ಬಿಂದುವಿನದು, ಅಂದರೆ ಗಾಳಿಯ ತೇವ ಹನಿಯಾಗತೊಡಗುವ ಉಷ್ಣಾಂಶ. ಅವೆರಡರ ವ್ಯತ್ಯಾಸವನ್ನು 400ರಿಂದ ಗುಣಿಸಿದರೆ ಬಿಸಿಲಿಗೆ ಮೇಲೇಳುವ ಮೋಡದ ತಳ ಎಷ್ಟು ಅಡಿ ಮೇಲಿದೆ ಎಂಬ ಅಂದಾಜು ಸಿಗುತ್ತದೆ. ಬೆಂಗಳೂರಿನಲ್ಲಿ 22 ಮತ್ತು 19 ಇದೆ ಎಂದುಕೊಳ್ಳಿ. ವ್ಯತ್ಯಾಸ 3, ಮೋಡ 1,200 ಅಡಿ ಮೇಲೆ. "ಪರವಾಗಿಲ್ಲ, ಹೋಗಬಹುದು" ಎನ್ನುತ್ತಾರೆ ಹೊಸಬರು. ಆದರೆ ಈ 1,200 ಅಡಿ ವಿಮಾನ ನಿಲ್ದಾಣದ ನೆಲದಿಂದ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ, ಹಾಗಾಗಿ ಮೋಡದ ತಳ 4,200 ಅಡಿಯಲ್ಲಿ. ಉತ್ತರಕ್ಕೆ ನಂದಿ ಬೆಟ್ಟದ ನೆತ್ತಿ ಸುಮಾರು 4,850 ಅಡಿ. ಬೆಟ್ಟದ ತಲೆ 650 ಅಡಿ ಮೋಡದೊಳಗೆ ಅಡಗಿ ಕುಳಿತಿದೆ! ಬೆಳಿಗ್ಗೆ ನಂದಿಗೆ ಹೋಗಿ ಮೋಡದ ಜೊತೆ ಫೋಟೋ ತೆಗೆಸಿಕೊಂಡವರಿಗೆಲ್ಲ ಇದು ಗೊತ್ತು. ಪೈಲಟ್‌ಗೆ ಅದು ಕಾಗದದ ಮೇಲೇ ಕಾಣಬೇಕು.

ಎರಡು ಉಷ್ಣಾಂಶಗಳೂ ಹತ್ತಿರ ಹತ್ತಿರ ಬರುತ್ತಿವೆ ಎಂದರೆ ಮಂಜು ಬಾಗಿಲಲ್ಲೇ ನಿಂತಿದೆ ಎಂದು ತಿಳಿಯಿರಿ.

ಮುಂದೆ ಸರಿಯಿಲ್ಲ ಎಂದು ಕಂಡ ಮೇಲೂ ಹಿಂದಿರುಗುವುದಿಲ್ಲ ಏಕೆ?

ಇದೇ ನಿಜವಾದ ಪ್ರಶ್ನೆ. ಕಣ್ಣು, ಕಿವಿಯ ವಿಷಯ ಕೊನೆಯ ಮೂರು ನಿಮಿಷದ್ದು. ಅಪಘಾತ ಶುರುವಾಗುವುದು ಅದಕ್ಕಿಂತ ಅರ್ಧ ಗಂಟೆ ಮುಂಚೆ.

ಹವಾಮಾನ ಬಾಗಿಲು ಹಾಕಿದ ಹಾಗೆ ಮುಚ್ಚುವುದಿಲ್ಲ. ಮೋಡ ಸ್ವಲ್ಪ ತಗ್ಗುತ್ತದೆ, ನೀವೂ 200 ಅಡಿ ಇಳಿಯುತ್ತೀರಿ. ಮತ್ತೆ ತಗ್ಗುತ್ತದೆ, ಮತ್ತೆ ಇಳಿಯುತ್ತೀರಿ. ಪ್ರತಿಯೊಂದು ಹೆಜ್ಜೆಯೂ ಚಿಕ್ಕದು. ಮುಂದೆ ಒಂದು ಕಡೆ ಬೆಳ್ಳಗೆ ಕಾಣುತ್ತಿರುತ್ತದೆ, "ಅದೋ ಅಲ್ಲಿ ತೆರೆದಿದೆ" ಅನ್ನಿಸುತ್ತದೆ. ಅಷ್ಟರಲ್ಲಿ ಮುಕ್ಕಾಲು ದಾರಿ ಬಂದಿರುತ್ತೀರಿ. ಆ ಕಡೆ ಯಾರೋ ಕಾರು ತಂದು ಕಾಯುತ್ತಿದ್ದಾರೆ, ಹಿಂದಿನ ಸೀಟಿನಲ್ಲಿ ಕೂತವರು ದುಡ್ಡು ಕೊಟ್ಟಿದ್ದಾರೆ. ತಲುಪಲೇಬೇಕೆಂಬ ಹಠ ತಾನಾಗಿ ತಲೆಗೇರುತ್ತದೆ. ಕೋಬಿ ಬ್ರಯಂಟ್ ಪ್ರಕರಣದ ತನಿಖೆಯೂ ಪೈಲಟ್ ತನ್ನ ಮೇಲೆ ತಾನೇ ಹಾಕಿಕೊಂಡ ಒತ್ತಡವನ್ನು ಹೆಸರಿಸಿದೆ. ಹೋಗಲೇಬೇಕೆಂದು ಯಾರೂ ಅವರಿಗೆ ಹೇಳಿರಲಿಲ್ಲ.

ಹಾಗಾಗಿ ನಿರ್ಧಾರವನ್ನು ನೆಲದ ಮೇಲೇ ಮಾಡಿ ಬರೆದುಕೊಳ್ಳಿ ಎನ್ನುತ್ತೇನೆ. "ನೆಲದಿಂದ 1,500 ಅಡಿಗಿಂತ ಕೆಳಗೆ ಇಳಿಯಬೇಕಾಗಿ ಬಂದರೆ ಅಲ್ಲೇ ತಿರುಗುತ್ತೇನೆ." ಸಂಖ್ಯೆ ನಿಮ್ಮದು, ನಿಮ್ಮ ಅನುಭವಕ್ಕೆ ತಕ್ಕದ್ದು. ಮೊಣಕಾಲಿನ ಪ್ಯಾಡ್ ಮೇಲೆ ದಪ್ಪ ಅಕ್ಷರದಲ್ಲಿ ಇರಲಿ. ಗಾಳಿಯಲ್ಲಿ ಹೊಸದಾಗಿ ಯೋಚಿಸುವ ಕೆಲಸ ಉಳಿಯಬಾರದು, ಬರೆದದ್ದನ್ನು ಪಾಲಿಸುವುದಷ್ಟೇ ಉಳಿಯಬೇಕು.

ಎಲ್ಲ ಮೀರಿ ಮೋಡದೊಳಗೆ ಹೋಗೇಬಿಟ್ಟರೆ?

ಕಣ್ಣನ್ನು ಕಿಟಕಿಯಿಂದ ತೆಗೆದು ಡಯಲಿಗೆ ಹಾಕಿ. ಕಿಟಕಿಯಲ್ಲಿ ದಾರಿ ಹುಡುಕಬೇಡಿ, ಅಲ್ಲಿ ಏನೂ ಇಲ್ಲ. ಕೈ ಬಿಗಿಹಿಡಿಯಬೇಡಿ, ಎರಡು ಬೆರಳಿನ ಹಿಡಿತ ಸಾಕು. ಮೊದಲು ರೆಕ್ಕೆ ಮಟ್ಟ. ಉಸಿರು ಬಿಡಿ. ಆಟೋಪೈಲಟ್ ಇದ್ದು, ಅದನ್ನು ಬಳಸಿ ಗೊತ್ತಿದ್ದರೆ ಹಾಕಿ. ಸುತ್ತ ಬೆಟ್ಟವಿಲ್ಲದಿದ್ದರೆ ಬಂದ ದಿಕ್ಕಿಗೇ ಹಿಂದಿರುಗಿ: ಈಗಿನ ಹೆಡ್ಡಿಂಗ್ (ಮೂತಿ ಇರುವ ದಿಕ್ಕಿನ ಸಂಖ್ಯೆ) ನೋಡಿಕೊಂಡು ಅದರ ವಿರುದ್ಧ ದಿಕ್ಕಿನ ಸಂಖ್ಯೆ ಗೊತ್ತುಮಾಡಿಕೊಳ್ಳಿ, 15 ಡಿಗ್ರಿಗಿಂತ ಹೆಚ್ಚು ವಾಲಿಸದೆ ನಿಧಾನವಾಗಿ ತಿರುಗಿ, ಪವರ್ ಮುಟ್ಟಬೇಡಿ. ತಿರುಗುವಾಗ ಕೆಳಗೆ ಬಿದ್ದ ಚಾರ್ಟ್ ಎತ್ತಿಕೊಳ್ಳಲು ಬಗ್ಗಬೇಡಿ, ತಲೆ ಅಲ್ಲಾಡಿಸಿದರೆ ಕಿವಿಯ ಭ್ರಮೆ ಹತ್ತುಪಟ್ಟಾಗುತ್ತದೆ. ಹತ್ತಿರ ಬೆಟ್ಟವಿದ್ದರೆ ಮೊದಲು ಏರುವುದೇ ಉತ್ತಮ.

ವಿಮಾನ ಕೈಗೆ ಸಿಕ್ಕ ಮೇಲೆ ರೇಡಿಯೋ. "ಮೋಡದೊಳಗಿದ್ದೇನೆ, ನನಗೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಇಲ್ಲ, ಸಹಾಯ ಬೇಕು" ಎಂದು ಬಿಚ್ಚಿ ಹೇಳಿ. ಲೈಸೆನ್ಸ್ ಹೋದೀತು, ಕೇಸ್ ಆದೀತು ಎಂದು ಸುಮ್ಮನಿರುವವರಿದ್ದಾರೆ. ಬದುಕಿದ್ದರೆ ತಾನೆ ನೋಟಿಸಿಗೆ ಉತ್ತರ ಕೊಡುವುದು.

ಅಮೆರಿಕದಲ್ಲಿ ಪ್ರೈವೇಟ್ ಲೈಸೆನ್ಸ್‌ಗೇ ಉಪಕರಣ ನೋಡಿ ಹಾರುವ 3 ಗಂಟೆಯ ತರಬೇತಿ ಕಡ್ಡಾಯ. ಅದು ಈ ಒಂದು ತಿರುವಿಗಾಗಿ. ಮೂರು ಗಂಟೆಯಲ್ಲಿ ಕಲಿತದ್ದು ಮೂರು ತಿಂಗಳು ಬಿಟ್ಟರೆ ಮರೆಯುತ್ತದೆ, ಆಗಾಗ ಗುರುಗಳ ಜೊತೆ ಕೂತು ಮತ್ತೆ ಮಾಡಬೇಕು.

ಈಗ ಜಿಪಿಎಸ್, ಟ್ಯಾಬ್ಲೆಟ್, ವಿಮಾನಕ್ಕೇ ಪ್ಯಾರಾಚೂಟ್ ಎಲ್ಲ ಬಂದಿದೆಯಲ್ಲ?

ಬಂದಿವೆ, ಜೀವ ಉಳಿಸಿಯೂ ಇವೆ. ಸಿರಸ್ ವಿಮಾನಗಳಲ್ಲಿ ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಇದೆ, ಹತೋಟಿ ತಪ್ಪಿದಾಗ ಎತ್ತರ ಸಾಕಷ್ಟಿದ್ದರೆ ಅದನ್ನು ಎಳೆಯುವುದು ಹೇಡಿತನವಲ್ಲ. ಆದರೆ ಪರದೆಯ ಮೇಲಿನ ಮಳೆಯ ಚಿತ್ರವನ್ನು ಕಿಟಕಿಯಂತೆ ನಂಬಬೇಡಿ. ಅಮೆರಿಕದ ತನಿಖಾ ಮಂಡಳಿ 2012ರಲ್ಲಿ ಎಚ್ಚರಿಸಿದ ಹಾಗೆ, ಪರದೆಯಲ್ಲಿ "1 ನಿಮಿಷ ಹಳೆಯದು" ಎಂದು ತೋರಿಸುವ ರೇಡಾರ್ ಚಿತ್ರ ನಿಜಕ್ಕೆ 15ರಿಂದ 20 ನಿಮಿಷ ಹಳೆಯದಾಗಿರಬಹುದು. ಅಷ್ಟರಲ್ಲಿ ಗುಡುಗು ಮೋಡ ಊರು ದಾಟಿರುತ್ತದೆ.

ನಾನು ಪೈಲಟ್ ಅಲ್ಲ, ಪ್ರಯಾಣಿಕ. ಯಾತ್ರೆಗೋ ಟೂರಿಗೋ ಹೆಲಿಕಾಪ್ಟರ್ ಹತ್ತುವಾಗ ನಾನೇನು ಮಾಡಬಹುದು?

ಹತ್ತುವ ಮುಂಚೆ ಹೋಗುವ ದಿಕ್ಕಿನ ಬೆಟ್ಟಗಳನ್ನು ನೋಡಿ. ನೆತ್ತಿ ಕಾಣದಿದ್ದರೆ ಪೈಲಟ್ ಹತ್ತಿರ ಹೋಗಿ, "ಸಾರ್, ನಮಗೆ ಅವಸರವಿಲ್ಲ. ಇವತ್ತು ಬೇಡ ಅನ್ನಿಸಿದರೆ ಬಿಡಿ, ನಾವು ಕಾಯ್ತೀವಿ" ಎಂದು ಹೇಳಿ. ಇಷ್ಟು ಮಾತು ಪೈಲಟ್‌ನ ಹೆಗಲಿಂದ ಎಷ್ಟು ಭಾರ ಇಳಿಸುತ್ತದೆ ಎಂದು ನಿಮಗೆ ಅಂದಾಜಿರಲಿಕ್ಕಿಲ್ಲ. ಕೌಂಟರಿನಲ್ಲಿ ಗಲಾಟೆ ಮಾಡಿ, "ಬೆಳಿಗ್ಗೆಯಿಂದ ಕಾಯ್ತಿದ್ದೀವಿ, ಹೊರಡಿಸ್ರೀ" ಎನ್ನುವುದು ಇದರ ತೀರಾ ವಿರುದ್ಧ. ದಯವಿಟ್ಟು ಹಾಗೆ ಮಾಡಬೇಡಿ. ಅಪ್ಪ ಅಮ್ಮನನ್ನು ಕಳಿಸುವವರು ಟಿಕೆಟ್ ಮಾಡಿಸುವಾಗಲೇ ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ, ಹಿಂದಿರುಗುವ ರೈಲನ್ನು ಮರುದಿನಕ್ಕೇ ಗಂಟುಹಾಕಬೇಡಿ.

ಮಗಳು ಫ್ಲೈಯಿಂಗ್ ಕಲಿಯುತ್ತಿದ್ದಾಳೆ. ಮನೆಯವರಾಗಿ ನಾವೇನು ಮಾಡಬೇಕು?

ಈ ಪ್ರಶ್ನೆಯನ್ನು ಹೋದ ವರ್ಷ ಒಬ್ಬ ತಾಯಿ ತರಗತಿಯ ಬಾಗಿಲಲ್ಲಿ ನಿಂತು ಕೇಳಿದರು, ಕಣ್ಣು ತುಂಬಿತ್ತು. ಅವರಿಗೆ ಹೇಳಿದ್ದನ್ನೇ ಹೇಳುತ್ತೇನೆ. ಅವಳು ದೂರದ ಹಾರಾಟಕ್ಕೆ ಹೋದ ದಿನ "ಎಷ್ಟು ಹೊತ್ತಿಗೆ ಬರ್ತೀಯ, ಊಟಕ್ಕೆ ಕಾಯ್ತಿರ್ತೀವಿ" ಎನ್ನಬೇಡಿ. ಹಬ್ಬದ ದಿನವಾದರೂ ಸರಿ. ಹೊರಡುವಾಗ ಅವಳ ಕೈಗೆ ಒಂದು ರಾತ್ರಿ ಲಾಡ್ಜಿನಲ್ಲಿ ಉಳಿಯುವಷ್ಟು ದುಡ್ಡು, ಒಂದು ಜೊತೆ ಬಟ್ಟೆ ಕೊಟ್ಟು ಕಳಿಸಿ. ಸಂಜೆ ಫೋನ್ ಮಾಡಿ, "ಅಮ್ಮ, ಮೋಡ ಜಾಸ್ತಿ ಇತ್ತು, ವಾಪಸ್ ಬಂದು ಬೇರೆ ಊರಲ್ಲಿ ಇಳಿದೆ, ಇಲ್ಲೇ ಇರ್ತೀನಿ" ಎಂದರೆ ಏಕೆ, ಏನು ಎಂದು ವಿಚಾರಣೆ ಮಾಡಬೇಡಿ. "ಒಳ್ಳೇದಾಯ್ತು ಕಣಮ್ಮ, ಊಟ ಮಾಡಿ ಮಲ್ಕೋ" ಎನ್ನಿ.

ಆ ತಾಯಿ ಅದನ್ನು ಮೊಬೈಲಿನಲ್ಲಿ ಬರೆದುಕೊಂಡು ಹೋದರು.